ಎರಡೂ ದಿಕ್ಕಿನ ಬಾಗಿಲು ತೆರೆಯುವ ವರ್ಡೆಲ್

ಚಿಕಾಗೊ ಪಕ್ಕದ ಎಲ್ಮರ್ಟನ್ನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವರ್ಡೆಲ್ ಪಿಕೆನ್ಸ್ ಊರ ಪೂರ್ವದಂಚಿನ ಮೂರಂತಸ್ತಿನ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದಾರೆ. ಚೀಲದಲ್ಲಿ ಬೀಗದ ಕೈಗಳ ಗೊಂಚಲು, ಎರಡು ಬಲ್ಬು, ಒರೆಸುವ ಬಟ್ಟೆ. ಖಾಲಿ ಮನೆ ನೋಡಲು ಒಂಬತ್ತಕ್ಕೆ ಜನ ಬರುತ್ತಾರೆ. ಮೆಟ್ಟಿಲ ಬಳಿ ಕತ್ತಲಿದ್ದರೆ ಬಿಳಿಯರು ಅಲ್ಲಿಂದಲೇ ಹಿಂತಿರುಗುತ್ತಾರೆ ಎಂಬುದು ಅವರ ಅನುಭವ. ಬಲ್ಬು ಹಾಕಬೇಕಾದವನು ಮಾಲೀಕ. ಅವನಿಗಾಗಿ ಇವರು ಕಾಯುವುದಿಲ್ಲ.

ಅರವತ್ತಾರರ ಕಪ್ಪು ಮಹಿಳೆ ವರ್ಡೆಲ್ ಊರಿನ ಬಾಡಿಗೆಮನೆ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಮನೆ ತೋರಿಸುತ್ತಿದ್ದಾರೆ. ದಿನಕ್ಕೆ ಆರೇಳು ಮನೆ. ಕಪ್ಪುಜನ ಹೆಚ್ಚಿರುವ, ಬಿಳಿಯರು ತಾವಾಗಿ ಕೇಳದ ಪೂರ್ವದ ಬೀದಿಗಳನ್ನು ಬಿಳಿಯರಿಗೂ, ಬಿಳಿಯರೇ ಹೆಚ್ಚಿರುವ, ಕಪ್ಪುಜನ ಕೇಳಲು ಹಿಂಜರಿಯುವ ಪಶ್ಚಿಮದ ಬೀದಿಗಳನ್ನು ಕಪ್ಪುಜನರಿಗೂ ಒಮ್ಮೆಯಾದರೂ ತೋರಿಸುವುದು ಅವರ ಕೆಲಸ. ಊರು ಬಿಳಿ-ಕಪ್ಪು ಎಂದು ಎರಡು ಪಾಲಾಗಬಾರದು ಎಂಬುದು ಕಚೇರಿಯ ಉದ್ದೇಶ.

ವರ್ಡೆಲ್‌ಗೆ ಒಂಬತ್ತು ವರ್ಷವಾಗಿದ್ದಾಗ ಅವರ ಮನೆಯವರು ಚಿಕಾಗೊದ ಬಿಳಿಯರ ಬೀದಿಯೊಂದಕ್ಕೆ ಬಂದರು. ಅಲ್ಲಿಗೆ ಕಾಲಿಟ್ಟ ಮೊದಲ ಕಪ್ಪು ಸಂಸಾರ ಅದು. ದಲ್ಲಾಳಿಗಳು ಮನೆಮನೆಗೂ ಫೋನು ಮಾಡಿ, ಕಪ್ಪುಜನ ಬರುತ್ತಿದ್ದಾರೆ, ಮನೆಯ ಬೆಲೆ ಬೀಳುವ ಮೊದಲು ಮಾರಿಬಿಡಿ ಎಂದು ಹೆದರಿಸಿದರು. ಎರಡೇ ವರ್ಷದಲ್ಲಿ ಬಿಳಿಯರೆಲ್ಲ ಗಂಟುಮೂಟೆ ಕಟ್ಟಿದರು. ಆಟದ ಗೆಳತಿ ಕ್ಯಾರನ್ ಕೂಡ ಒಂದು ಮಾತೂ ಹೇಳದೆ ಹೋದಳು. "ನಾವೇನ್ ಮಾಡಿದ್ವಿ ಅಂತ ಅಮ್ಮನ್ನ ಕೇಳ್ದೆ. ಅಮ್ಮ ಪಾತ್ರೆ ತೊಳೀತಾನೇ ಇದ್ಲು."

ಈಗ ಬೈಗುಳ ಎರಡೂ ಕಡೆಯಿಂದ ಬರುತ್ತದೆ. ಕಳೆದ ತಿಂಗಳು ಓಡೆಸಾ ಟಿಲ್ಮನ್ ಎಂಬ ಕಪ್ಪು ನರ್ಸ್ ಪಶ್ಚಿಮದ ಮನೆಯೊಂದರ ಹೊಸ್ತಿಲಲ್ಲೇ ನಿಂತುಬಿಟ್ಟರು. "ನಮ್ಮಕ್ಕ ಇರೋದು ಪೂರ್ವದಲ್ಲಿ. ಮೊಟ್ಟೆ ಮೇಲೆ ಕರಿಮೆಣಸಿನ ಪುಡಿ ಉದುರಿಸ್ದಂಗೆ ನನ್ನ ಇಲ್ಲಿ ಉದುರಿಸ್ತಿದೀರಾ, ಆಂಟಿ?"

ವರ್ಡೆಲ್‌ಗೆ ನಗು ಬಂತು, ಒಳಗೆ ಚುಚ್ಚಿತು ಕೂಡ. ಮಾತು ಸುಳ್ಳಾಗಿರಲಿಲ್ಲ. "ನಾನು ಬಾಗಿಲು ತೆಗೀತೀನಿ ಅಷ್ಟೇ ಮಗಾ. ಒಳಗೆ ಬರೋದು, ಬಿಡೋದು ನಿಂದು," ಎಂದರು. ಓಡೆಸಾ ಅಕ್ಕನ ಪಕ್ಕದ ಬೀದಿಯನ್ನೇ ಆರಿಸಿಕೊಂಡರು. ಸಾಮಾನು ಇಳಿಸುವ ದಿನ ವರ್ಡೆಲ್ ಜೋಳದ ಬ್ರೆಡ್ ಮಾಡಿಕೊಂಡು ಹೋಗಿದ್ದರು. ಪಶ್ಚಿಮದ ಮನೆ ಇನ್ನೂ ಖಾಲಿಯಿದೆ.

ಒಂಬತ್ತಕ್ಕೆ ಬಂದ ಬಿಳಿಯ ದಂಪತಿಗೆ ಮನೆ ಹಿಡಿಸುತ್ತದೆ. ಆದರೂ ಹೆಂಡತಿ ದನಿ ತಗ್ಗಿಸಿ, ಇಲ್ಲಿ ಎಂಥ ಜನ ಇದ್ದಾರೆ ಎಂದು ವಿಚಾರಿಸುತ್ತಾಳೆ. ಬೆಳಗ್ಗೆ ಬೇಗ ಏಳುವ ಜನ ಎನ್ನುತ್ತಾರೆ ವರ್ಡೆಲ್. ನಾಳೆ ತಿಳಿಸುತ್ತೇವೆಂದು ದಂಪತಿ ಹೊರಡುತ್ತಾರೆ.

ಕಿಟಕಿ ಮುಚ್ಚುತ್ತಾ ವರ್ಡೆಲ್ ಹೇಳುತ್ತಾರೆ: "ಹೀಟರ್ ಸರಿಯಿದೆಯಾ, ಕಾರು ನಿಲ್ಸೋಕೆ ಜಾಗ ಇದೆಯಾ ಅಂತ ಕೇಳ್ಲಿ. ಎಂಥ ಜನ ಅಂತ ಒಬ್ರೂ ಕೇಳದೇ ಇರೋ ಒಂದು ದಿನ ಸಿಕ್ರೆ, ಅವತ್ತು ಮಧ್ಯಾಹ್ನಾನೇ ಮನೆಗೆ ಹೋಗಿ ನಿದ್ದೆ ಮಾಡ್ತೀನಿ."