ಅಂಡಮಾನದ ಬಿಸಲಾಗ ಧಾರವಾಡದ ರೊಟ್ಟಿ

ಅಂಡಮಾನದ ದ್ವೀಪದಾಗ ಗುಡ್ಡ ಹತ್ತಿ ಇಳಿದು ಕಾಲು ಬಾತಿದ್ವು, ಹಂಗಾಗಿ ಅವತ್ತು ನಡಿಗಿಗೆ ರಜಾ. ಚೀಲ ತಗದ್ರ, ಧಾರವಾಡದಿಂದ ಒಯ್ದಿದ್ದ ಖಡಕ್ ರೊಟ್ಟಿ ಸಮುದ್ರದ ಗಾಳಿಗೆ ಮೆತ್ತಗಾಗಿದ್ವು. ಬಿಸಲಾಗ ಇಟ್ರ ಮತ್ತ ಖಡಕ್ ಆಗ್ತಾವಂತ, ಇಳಕೊಂಡಿದ್ದ ಮನಿ ಅಂಗಳದಾಗ ಅರಿವಿ ಹಾಸಿ ಹರವಿದೆ. ಆಮ್ಯಾಲ ಆರಾಮ ಮಲಗಿದೆ.

ಎದ್ದು ಬಂದ್ರ ಅರಿವಿ ಖಾಲಿ! ಮನಿ ಯಜಮಾನತಿ ದೀದಿ ತಾಟು ತಂದಿಟ್ಟು, "ನಿಮ್ಮ ಹಪ್ಪಳ ಭಾಳ ದೊಡ್ಡವು, ಮುರಿದು ಕರಿದೆ" ಅಂತ ಹಿಂದಿಯಾಗ ಅಂದ್ರು.

"ಅವು ಹಪ್ಪಳ ಅಲ್ರಿ ದೀದಿ, ನಮ್ಮವ್ವ ಬಡದ ರೊಟ್ಟಿ! ಅದಕ್ಕ ಎಣ್ಣಿ ತೋರಸಂಗಿಲ್ಲ."

"ಮೊದಲ ತಿಂದು ಮಾತಾಡ್ರಿ."

ತಿಂದೆ. ಶೇಂಗಾ ಚಟ್ನಿ ಹಚ್ಚಿ ಮತ್ತ ತಿಂದೆ. ತಾಟು ಖಾಲಿ ಮಾಡೇ ಎದ್ದೆ.

ಊರಿಗೆ ಬಂದ ಮ್ಯಾಲ ಅವ್ವ ಕೇಳಿದ್ಲು, "ರೊಟ್ಟಿ ಕೆಟ್ಟುವೇನ?"

"ಇಲ್ಲವ್ವ, ಒಂದೂ ಕೆಡಲಿಲ್ಲ" ಅಂದೆ. ಖರೇನ ಹೇಳಿದೆ, ಎಣ್ಣಿ ಸುದ್ದಿ ಆಕಿ ಕೇಳಲಿಲ್ಲ.