ಮುಂದಿನ ಸಾಲಿನವರ ನಮಸ್ಕಾರ

ಹಾಡುವವರು ಎಲ್ಲ ಊರಲ್ಲೂ ಹುಟ್ಟುತ್ತಾರೆ, ಕೂತು ಕೇಳುವವರು ಹುಟ್ಟಬೇಕಾದರೆ ಮಾತ್ರ ಧಾರವಾಡವೇ ಆಗಬೇಕು ಎಂದು ಮೊನ್ನೆ ಮೊನ್ನೆಯವರೆಗೂ ಕೊಚ್ಚಿಕೊಳ್ಳುತ್ತಿದ್ದೆ. ಈಗ ಆ ಮಾತು ಬಾಯಿಗೆ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಕೇಳುವ ವಿದ್ಯೆಯನ್ನು ಅಷ್ಟು ಚೆನ್ನಾಗಿ ಕಲಿತದ್ದರಿಂದಲೇ ನಾವೊಂದಿಷ್ಟು ಜನ ಸೇರಿ ಒಬ್ಬ ಹಾಡುವವರನ್ನು ಮುಗಿಸಿ ಕಳಿಸಿದ್ದೇವೆ. ಪೊಲೀಸರು ಬರುವಂಥ ಅಪರಾಧವಲ್ಲ. ಬಂದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಈ ವಿದ್ಯೆ ಕಲಿಸಿದವರು ನಮ್ಮ ದೊಡ್ಡಪ್ಪ. ಸಣ್ಣವನಿದ್ದಾಗ ನನ್ನನ್ನು ಒಂದು ಸಂಗೀತದ ಬೈಠಕ್ಕಿಗೆ ಕರೆದುಕೊಂಡು ಹೋಗಿದ್ದರು. ಜಮಖಾನೆಯ ಮೇಲೆ ಅವರ ಪಕ್ಕದಲ್ಲಿ ಕೂತಿದ್ದೆ. ಗವಾಯಿಗಳು ತಿರುತಿರುಗಿ ಹಾಡುತ್ತಿದ್ದ ಸಾಲು ನನಗೂ ಬಂದಂತಾಗಿ ಸಣ್ಣಗೆ ಗುನುಗಿದೆ. ದೊಡ್ಡಪ್ಪ ಕಣ್ಣು ಕೂಡ ತೆರೆಯದೆ ನನ್ನ ತೊಡೆ ಚಿವುಟಿದರು. ಮನೆಗೆ ಬಂದ ಮೇಲೆ, "ದೊಡ್ಡವರು ಹಾಡೂಮುಂದ ನಡುವ ಬಾಯಿ ಹಾಕಬಾರದು ತಮ್ಮಾ. ಅವರ ಊಟದ ತಾಟಿಗೆ ಕೈ ಹಾಕಿದಂಗ ಅದು," ಎಂದರು. ಚಿವುಟಿದ ಜಾಗ ಎರಡು ದಿನ ನೀಲಿಯಾಗಿತ್ತು, ಪಾಠ ಜನ್ಮಕ್ಕೆ ಅಂಟಿತು.

ಉಳಿದ ಪಾಠಗಳು ನೋಡಿ ನೋಡಿಯೇ ಬಂದವು. ಛಲೋ ಎನಿಸಿದರೆ "ಆಹಾ" ಅನ್ನಬಹುದು, ಆದರೆ ಅದು ಪಕ್ಕದವರಿಗಷ್ಟೇ ಕೇಳಬೇಕು. ವಯಸ್ಸಾದ ಗವಾಯಿಗಳ ಧ್ವನಿ ಒಡೆದರೆ ತಲೆ ತಗ್ಗಿಸಿ ಜಮಖಾನೆಯ ಹೂವು ನೋಡಬೇಕು, ನಮಗೇನೂ ಕೇಳಿಸಲಿಲ್ಲ ಅನ್ನುವಂತೆ. ಹಾಡು ಸುರುಮಾಡುವ ಮೊದಲು ಅವರು ಮುಂದೆ ಕೂತ ಹಿರಿಯರ ಕಡೆ ಕೈ ಚಾಚಿ ಅಪ್ಪಣೆ ಕೇಳುತ್ತಾರೆ. ಹಿರಿಯರು ಕೈ ಮುಗಿದು "ನೀವ ಹಾಡ್ರಿ" ಅನ್ನಬೇಕು. ಇದಕ್ಕಿಂತ ಹೆಚ್ಚಿನ ಸಭ್ಯತೆಯನ್ನು ನಾನು ಲೋಕದಲ್ಲಿ ಕಂಡಿಲ್ಲ.

ಇಂಥ ಮನೆಗೆ ರಾಕ್ ಸಂಗೀತ ನುಸುಳಿದ್ದು ಆ ದೊಡ್ಡಪ್ಪನ ಮಗಳಿಂದಲೇ. ವಿಮಲಕ್ಕ ಮುಂಬೈಯಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಳು. ಒಂದು ಬೇಸಿಗೆ ಸೂಟಿಗೆ ಊರಿಗೆ ಬರುವಾಗ ಸೀರೆಗಳ ನಡುವೆ ಒಂದು ಕ್ಯಾಸೆಟ್ ಮುಚ್ಚಿಟ್ಟುಕೊಂಡು ಬಂದಳು. ಹಾಡಿದವರು ನಾರ್ಮನ್ ಎಂಬ ಮುಂಬೈಯವರು. ಹೆಗಲಿಗಿಳಿದ ಕೂದಲು, ಚರ್ಮದ ಜಾಕೀಟು, ಕೊರಳಲ್ಲಿ ಗಿಟಾರು. ಕೆಳಗೆ ದೊಡ್ಡಪ್ಪ ತಂಬೂರಿ ಶ್ರುತಿ ಮಾಡುತ್ತಿದ್ದರೆ, ಅಟ್ಟದ ಮೇಲೆ ವಿಮಲಕ್ಕ, ನಾನು, ನನ್ನ ಗೆಳೆಯ ಗುರುಪಾದ ಮೂವರೂ ಟೇಪ್ ರಿಕಾರ್ಡರಿನ ಮೇಲೆ ಕಂಬಳಿ ಹೊದಿಸಿ, ಅದೇ ಕಂಬಳಿಯೊಳಗೆ ತಲೆ ತೂರಿಸಿ ಕೇಳುತ್ತಿದ್ದೆವು. ಬೆವರು ಸುರಿಯುತ್ತಿತ್ತು. ನನ್ನ ಮಟ್ಟಿಗೆ ರಾಕ್ ಸಂಗೀತ ಅಂದರೆ ಇವತ್ತಿಗೂ ಕಂಬಳಿಯ ವಾಸನೆ.

ಅದರಲ್ಲೊಂದು ಹಾಡು. 'ದೀಪ ಆರಿಸಬೇಡ, ನಾನಿನ್ನೂ ದಾರಿಯಲ್ಲಿದ್ದೇನೆ' ಎಂಬರ್ಥದ ಇಂಗ್ಲಿಷ್ ಸಾಲು, ಕೊನೆಗೆ ಮೇಲೆ ಮೇಲೆ ಏರುತ್ತ ಹೋಗುತ್ತದೆ. ಆ ಒಂದು ಸಾಲಿಗಾಗಿ ನಾವು ಉಳಿದ ಒಂಬತ್ತು ಹಾಡುಗಳನ್ನು ಸಹಿಸಿಕೊಂಡಿದ್ದೆವು. ಮುಂದೆ ನಾನು ಗಣಿತದ ಮಾಸ್ತರನಾದೆ, ಗುರುಪಾದ ಹುಬ್ಬಳ್ಳಿಯಲ್ಲಿ ಬೀಜದ ಅಂಗಡಿ ಇಟ್ಟ, ವಿಮಲಕ್ಕ ಊರ ಹಲ್ಲೆಲ್ಲ ಕಿತ್ತಳು. ಸಾಲು ಮಾತ್ರ ಬಿಡಲಿಲ್ಲ. ನಾನು ದಿನಾ ಬೆಳಿಗ್ಗೆ ಬಚ್ಚಲಲ್ಲಿ ಅದನ್ನು ಹಾಡುತ್ತೇನೆ. ನನ್ನ ಹೆಂಡತಿ ಅದನ್ನು ನೀರು ಕಾದದ್ದರ ಸೂಚನೆ ಎಂದು ತಿಳಿದುಕೊಂಡಿದ್ದಾಳೆ.

ಅಂಥ ನಾರ್ಮನ್ ಹುಬ್ಬಳ್ಳಿಗೆ ಬರುತ್ತಾರೆಂದರೆ! ಹೊಸಬರು ಕೆಲವರು ಸೇರಿ ಮೈದಾನವೊಂದರಲ್ಲಿ ಸಂಗೀತ ಉತ್ಸವ ಇಟ್ಟುಕೊಂಡಿದ್ದರು. ಹೊತ್ತು ಮುಳುಗುವ ಮುನ್ನ ನಾರ್ಮನ್, ಆಮೇಲೆ ಈಗಿನ ಕಾಲದ ಯಾವುದೋ ತಂಡ. ನಾವು ಇಸ್ತ್ರಿ ಅಂಗಿ ತೊಟ್ಟು ಹೋದೆವು. ಗುರುಪಾದನಂತೂ ಹೆಗಲ ಮೇಲೆ ಶಾಲು ಹಾಕಿಕೊಂಡು ಬಂದಿದ್ದ. ರಾಕ್ ಕೇಳಲು ಶಾಲು ಯಾಕೋ ಎಂದರೆ, "ದೊಡ್ಡ ಕಲಾವಿದರ ಮುಂದ ಬರೇ ಅಂಗ್ಯಾಗ ಕುಂದ್ರೂದು ಹೆಂಗ?" ಎಂದ. ಮುಂದಿನ ಎರಡು ಸಾಲು ಹಿರಿಯರಿಗೆಂದು ಕುರ್ಚಿ ಹಾಕಿದ್ದರು. ಕೂತವರೆಲ್ಲ ನಮ್ಮಂತೆಯೇ ನರೆತವರು, ಹೆಚ್ಚಿನವರನ್ನು ಬೈಠಕ್ಕುಗಳಲ್ಲಿ ನೋಡಿದ್ದೆ. ಅವರವರ ಮನೆಯಲ್ಲೂ ಒಂದೊಂದು ಕಂಬಳಿ ಇತ್ತೆಂದು ಅಂದೇ ಗೊತ್ತಾದದ್ದು. ಹಿಂದೆ ಮೈದಾನ ತುಂಬ ಎಳೆಯರು, ಮುಂದಿನ ತಂಡಕ್ಕೆ ಕಾಯುತ್ತ ಮೊಬೈಲು ನೋಡುತ್ತಿದ್ದರು.

ನಾರ್ಮನ್ ಬಂದರು. ಕೂದಲಿರಲಿಲ್ಲ, ಟೊಪ್ಪಿಗೆ ಇತ್ತು. ಜಾಕೀಟು ಅದೇ ಬಗೆಯದು, ಒಳಗಿನ ಮನುಷ್ಯ ಮಾತ್ರ ಅರ್ಧವಾಗಿದ್ದರು. ಮೈಕ್ ಹಿಡಿದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ಡಾಕ್ಟರು ಹಾಡು ಬಿಡು ಅನ್ನುತ್ತಾರೆ, ಹಾಡು ಯಾರಿಗಾದರೂ ಇನ್ನೂ ನೆನಪಿದ್ದರೆ ಹಾಡೋಣ, ಇಲ್ಲದಿದ್ದರೆ ಇವತ್ತಿಗೇ ಹಾಡು ನಿಲ್ಲಿಸಿಬಿಡೋಣ ಎಂದುಕೊಂಡು ಬಂದಿದ್ದೇನೆ. ನಾವು ತಲೆದೂಗಿದೆವು. ನಮ್ಮಲ್ಲಿ ದೊಡ್ಡ ಗವಾಯಿಗಳು ಮೊದಲಿಗೆ "ಗಂಟಲು ಸರಿಯಿಲ್ಲ, ನಾನೇನೂ ಬಲ್ಲವನಲ್ಲ" ಎಂದು ಹೇಳಿಯೇ ಹೇಳುತ್ತಾರೆ, ಆಮೇಲೆ ಮೂರು ತಾಸು ಹಾಡುತ್ತಾರೆ. ಆ ಮಾತನ್ನು ಖರೇ ಎಂದು ನಂಬುವುದು ಅವಮರ್ಯಾದೆ.

ಮೂರು ಹಾಡು ಹಾಗೂ ಹೀಗೂ ಆದವು. ನಾಲ್ಕನೆಯದು ನಮ್ಮ ಹಾಡು. ಗಿಟಾರಿನ ಮೊದಲ ನಾದಕ್ಕೇ ವಿಮಲಕ್ಕ ನನ್ನ ಮುಂಗೈ ಹಿಡಿದಳು. ಆ ಸಾಲು ಬಂತು. ನಾರ್ಮನ್ ಎರಡು ಹೆಜ್ಜೆ ಮುಂದೆ ಬಂದು, ವೇದಿಕೆಯ ಅಂಚಿನಲ್ಲಿ ಬಾಗಿ, ಮೈಕನ್ನು ನಮ್ಮ ಕಡೆ ಚಾಚಿದರು.

ಗುರುಪಾದ ಶಾಲು ಸರಿಪಡಿಸಿಕೊಂಡು ಎದ್ದು ನಿಂತು ಕೈ ಮುಗಿದ. ನಾನೂ ಮುಗಿದೆ. ವಿಮಲಕ್ಕ, ಇಡೀ ಎರಡು ಸಾಲು, ಎಲ್ಲರೂ ಮುಗಿದೆವು. ಹಾಡಿನ ನಡುವೆ ಅಪ್ಪಣೆ ಕೇಳುವುದು ತುಸು ವಿಚಿತ್ರ ಎನಿಸಿತಾದರೂ, ಮುಂಬೈ ಘರಾಣೆಯಲ್ಲಿ ಹೀಗೇ ಇರಬಹುದು ಎಂದುಕೊಂಡೆ. ಗುರುಪಾದ ತಲೆ ಅಲ್ಲಾಡಿಸುತ್ತ, "ಇಲ್ಲ ಇಲ್ಲ, ನೀವ ಹಾಡ್ರಿ," ಎಂದ. ಮೈಕಿನಲ್ಲಿ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. ನಾರ್ಮನ್ ಇನ್ನೂ ಸ್ವಲ್ಪ ಬಾಗಿದರು. ನಾವೂ ಇನ್ನೂ ಸ್ವಲ್ಪ ಬಾಗಿದೆವು. ಯಾರೋ ಮೆಲ್ಲಗೆ "ಆಹಾ" ಅಂದರು. ಆಮೇಲೆ ಅವರು ಮೈಕ್ ಇಳಿಸಿ, ನಕ್ಕು, ವಂದನೆ ಹೇಳಿ ಒಳಗೆ ಹೋದರು.

ಕಛೇರಿ ಮುಗಿದ ಮರುದಿನ ಕೂತು ಅದರ ಬಗ್ಗೆ ಮಾತಾಡದಿದ್ದರೆ ಕೇಳಿದ್ದು ಪೂರ್ತಿಯಾಗುವುದಿಲ್ಲ. ಬೆಳಿಗ್ಗೆ ಮೂವರೂ ಉಣಕಲ್ ಕೆರೆಯ ಹತ್ತಿರದ ಚಹಾದಂಗಡಿಯಲ್ಲಿ ಸೇರಿದೆವು. ಗುರುಪಾದ ಮೊದಲ ಗುಟುಕಿಗೇ ಸುರುಮಾಡಿದ.

"ಧ್ವನಿ ಇಳದೈತಿ, ಖರೇ. ಆದ್ರ ವಜನ ಹೋಗಿಲ್ಲ ನೋಡು."

"ಗಂಟಲಿಗೆ ಏನೋ ಆಗಿರಬೇಕು, ಅದಕ್ಕ ಲಗೂ ಮುಗಿಸಿದ್ರು," ಎಂದೆ.

"ಅದಿರ್ಲಿ, ಕಡೀಕ ನಮ್ಮನ್ನ ಅಪ್ಪಣಿ ಕೇಳಿದ್ರಲ್ಲ, ಆ ವಿನಯ ಎಲ್ಲಿ ಸಿಗತೈತಿ? ಇಂಥಾ ದೊಡ್ಡ ಮನಷಾ."

ಮೈದಾನದಲ್ಲಿ ನಮ್ಮ ಹಿಂದೆ ನಿಂತಿದ್ದ ಸೊಸೆ ಮೊಬೈಲಿನಲ್ಲಿ ಹಿಡಿದು ಕಳಿಸಿದ್ದನ್ನು ವಿಮಲಕ್ಕ ನೋಡುತ್ತಿದ್ದಳು. ಮತ್ತೆ ಹಿಂದಕ್ಕೆ ಸರಿಸಿ ನೋಡಿದಳು. ಆಮೇಲೆ ಮೊಬೈಲನ್ನು ನಮ್ಮಿಬ್ಬರ ನಡುವೆ ಇಟ್ಟಳು. ವೇದಿಕೆಯ ಪಕ್ಕದ ದೊಡ್ಡ ಪರದೆಯ ಮೇಲೆ ನಾರ್ಮನ್‌ರ ಮುಖ. ಕೆಳಗೆ ನಮ್ಮ ನರೆತ ತಲೆಗಳು, ಮುಗಿದ ಕೈಗಳು.

"ಅವರ ತುಟಿ ನೋಡ್ರಿ," ಎಂದಳು. "ಬಾಯಿ ಹಾಡಾಕತ್ತೈತಿ. ಧ್ವನಿ ಬರವಲ್ದು. ಮ್ಯಾಲಿನ ಸ್ವರ ಅವರಿಗೆ ಹತ್ತಲಿಲ್ಲ, ಅದಕ್ಕ ಮೈಕ್ ನಮ್ಮ ಕಡೆ ಹಿಡದಾರ. ನಾವು ಹಾಡಬೇಕಿತ್ತು."

ಹಾಡುವವರು ಜನರ ಕಡೆ ಮೈಕ್ ಚಾಚುವುದು, ಜನ ಸಾಲು ಎತ್ತಿಕೊಳ್ಳುವುದು, ಇದನ್ನೆಲ್ಲ ಟಿವಿಯಲ್ಲಿ ನೂರು ಸಲ ನೋಡಿದ್ದೇವೆ. ಆದರೆ ಅವರು ಟಿವಿಯ ಜನ. ನಮ್ಮ ರಾಕ್ ಕಂಬಳಿಯೊಳಗಿನ ರಾಕ್. ತೊಡೆಯ ಮೇಲಿನ ಆ ಹಳೆಯ ಚಿವುಟು, ಬೇಕಾದ ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚಿಸಿತ್ತು. ಹಾಡು ನೆನಪಿದ್ದವರು ಆ ಮೈದಾನದಲ್ಲಿ ಎರಡೇ ಸಾಲು ಜನ, ಆ ಎರಡು ಸಾಲೂ ಕೈ ಮುಗಿದುಕೊಂಡು ನಿಂತಿತ್ತು. ಹಾಡು ಇಲ್ಲಿ ಯಾರಿಗೂ ನೆನಪಿಲ್ಲ ಎಂದೇ ತಿಳಿದು ಅವರು ಒಳಗೆ ಹೋಗಿರಬೇಕು.

ಗುರುಪಾದ ಚಹಾ ಅಲ್ಲೇ ಬಿಟ್ಟು ಎದ್ದ. ಉತ್ಸವದವರಿಗೆ ಫೋನು ಮಾಡಿದರೆ, ನಾರ್ಮನ್ ಆಗಲೇ ಏರ್‌ಪೋರ್ಟಿಗೆ ಹೊರಟರೆಂದೂ, ಇನ್ನು ಹಾಡುವುದಿಲ್ಲ ಎಂದು ಹೇಳಿ ಹೋದರೆಂದೂ ತಿಳಿಯಿತು. ಗುರುಪಾದನ ಕಾರಿನಲ್ಲಿ ಗೋಕುಲ ರೋಡಿನ ಕಡೆ ದೌಡಾಯಿಸಿದೆವು. ದಾರಿಯಲ್ಲಿ ಅವನೊಬ್ಬನೇ ಮಾತಾಡುತ್ತಿದ್ದ. ಅವನ ಊರು ಶಿರಗುಪ್ಪಿ. ಅಲ್ಲಿಯ ಮಠದ ಭಜನೆಯಲ್ಲಿ ಇವತ್ತಿಗೂ ತಾಳ ಹಾಕುತ್ತಾನೆ.

"ಭಜನ್ಯಾಗ ಮುಂದ ಹೇಳಾವರಿಗೆ ಕೆಮ್ಮು ಬಂದ್ರೂ ಹಿಂದಿನವರು ಸಾಲು ಕೆಳಗ ಬೀಳಗೊಡೂದಿಲ್ಲ. ಈ ಮನಷಾನ್ನ ಭಜನಿಯಂವ ಅಂತ ತಿಳಕೊಂಡಿದ್ರ ಸಾಕಿತ್ತಲ್ಲೋ ಮಾಸ್ತರ."

ಅವನು ಹೇಳಿದ್ದು ನಿಜ. ಅವರನ್ನು ನಮ್ಮ ಪಕ್ಕ ಕೂರಿಸಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದರು. ನಾವು ಗದ್ದುಗೆಯ ಮೇಲೆ ಕೂರಿಸಿ ದೂರ ನಿಂತೆವು. ಪ್ರೀತಿಗೆ ಭಕ್ತಿ ಸೇರಿಸಬಾರದಿತ್ತೆಂದು ಈ ವಯಸ್ಸಿನಲ್ಲಿ ತಿಳಿದು ಏನು ಪ್ರಯೋಜನ?

ಏರ್‌ಪೋರ್ಟಿನ ಬಾಗಿಲಲ್ಲಿ ಕಾವಲಿನವನು ತಡೆದ. ಟಿಕೆಟ್ ಇದ್ದವರಷ್ಟೇ ಒಳಗೆ. ಗಾಜಿನ ಆಚೆ ನಾರ್ಮನ್ ಕಾಣುತ್ತಿದ್ದರು. ಬೆನ್ನಿಗೆ ಗಿಟಾರು, ಕೈಯಲ್ಲೊಂದು ಚೀಲ, ಸರದಿಯಲ್ಲಿ ಕೊನೆಯವರು. ಗುರುಪಾದ ಗಾಜು ಬಡಿದ. ಅವರು ತಿರುಗಿದರು.

ಆಗ ವಿಮಲಕ್ಕ ಹಾಡಿಬಿಟ್ಟಳು. ದೊಡ್ಡಪ್ಪನ ಮಗಳು, ಎಪ್ಪತ್ತು ಸಮೀಪಿಸಿದವಳು, ಟ್ಯಾಕ್ಸಿಯವರ ನಡುವೆ ನಿಂತು 'ದೀಪ ಆರಿಸಬೇಡ' ಎಂದು ಗಂಟಲು ಹರಿಯುವಂತೆ ಎತ್ತಿಕೊಂಡಳು. ಗುರುಪಾದ ಸೇರಿದ. ನಾನೂ ಸೇರಿದೆ. ಬಚ್ಚಲೊಂದನ್ನು ಬಿಟ್ಟರೆ ಕಂಬಳಿಯಿಂದ ಹೊರಗೆ ನಾನು ಆ ಸಾಲು ಹಾಡಿದ್ದು ಅದೇ ಮೊದಲು. ಬಹಳ ಕೆಟ್ಟದಾಗಿ ಹಾಡಿದೆವು, ಆದರೆ ಒಂದು ಶಬ್ದವನ್ನೂ ಬಿಡಲಿಲ್ಲ.

ದಪ್ಪ ಗಾಜು. ಅವರಿಗೆ ಏನೂ ಕೇಳಿಸಲಿಲ್ಲ. ಮೂವರು ಮುದುಕರು ಬಾಯಿ ತೆರೆದು ಏನೋ ಕೂಗುತ್ತಿರುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು. ಗುರುಪಾದನ ಹೆಗಲ ಮೇಲಿದ್ದ ನಿನ್ನೆಯ ಶಾಲು ನೋಡಿ ಗುರುತು ಹತ್ತಿತೆಂದು ಕಾಣುತ್ತದೆ, ಮುಖ ಬಾಡಿತು. ಇನ್ನೊಂದು ಹಾಡು ಕೇಳಲು ಬಂದಿದ್ದಾರೆ ಅಂದುಕೊಂಡರೋ, ಬೈಯಲು ಬಂದಿದ್ದಾರೆ ಅಂದುಕೊಂಡರೋ ತಿಳಿಯದು. ಚೀಲ ಕೆಳಗಿಟ್ಟು, ಎರಡೂ ಕೈ ಜೋಡಿಸಿ, ತಲೆ ಅಲ್ಲಾಡಿಸಿ, ನಮಗೆ ನಮಸ್ಕಾರ ಮಾಡಿದರು. ಆಮೇಲೆ ಚೀಲ ಎತ್ತಿಕೊಂಡು ಒಳಗೆ ಹೋದರು.

ಸಾಲು ಇನ್ನೂ ಮುಗಿದಿರಲಿಲ್ಲ, ಹಾಡಿ ಮುಗಿಸಿದೆವು. ಕಾವಲಿನವನೊಬ್ಬ "ಛಲೋ ಇತ್ತ್ರೀ ಅಜ್ಜಾರ," ಎಂದ. ವಿಮಲಕ್ಕ ಕಾರಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಳು.

ಏರ್‌ಪೋರ್ಟಿಗೆ ಹೊರಡುವಾಗಲೇ ಫೋನು ಮಾಡಿ ಹೇಳಿದ್ದೆ, ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಭೆಟ್ಟಿ ಆದ್ರೇನು ನಿಮ್ಮ ಹಾಡಾವರು?"

"ಆದ್ರು."

"ಏನಂದ್ರು?"

"ನಮಸ್ಕಾರ ಮಾಡಿದ್ರು."

"ನೋಡ್ರಿ ಮತ್ತ, ಎಷ್ಟು ಮರ್ಯಾದಿ ಮನಷಾ," ಎಂದಳು. "ನೀರು ಕಾದಾವು, ಜಳಕಾ ಮಾಡಿ ಬರ್ರಿ."

ಹೋಗಿ ಹಾಡದೆಯೇ ಮೈಮೇಲೆ ನೀರು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಬಚ್ಚಲ ಬಾಗಿಲಿಗೆ ಬಂದು, ನೀರು ತಣ್ಣಗಾಗ್ಯಾವೇನು ಎಂದು ಕೇಳಿದಳು.