ಆಣೆ ಮಾಡದ ಯೋಬಪ್ಪ

ಯೋಬಪ್ಪನವರ ಬೈಬಲ್ಲಿನ ರಟ್ಟು ಕಪ್ಪು, ಹಾಳೆಗಳ ಅಂಚು ಮಾತ್ರ ಕೆಂಪು. ಕಬ್ಬಿಣದ ಅದಿರಿನ ಧೂಳು ಹಾರುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ಬೇವಿನೆಲೆ, ಒಣಗಹಾಕಿದ ಬಟ್ಟೆ, ನಮ್ಮ ಉಗುಳು ಎಲ್ಲವೂ ಕೆಂಪಗಿದ್ದವು; ಒಂದು ಪುಸ್ತಕ ಹೇಗೆ ತಪ್ಪಿಸಿಕೊಂಡೀತು? ಚಿತ್ತವಾಡ್ಗಿಯ ತಮ್ಮ ತಗಡಿನ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾಗಳ ಮೇಲಿನ ಹಲಗೆಯಲ್ಲಿ ಅದನ್ನು ಇಟ್ಟಿರುತ್ತಿದ್ದರು. ಬೆಳಿಗ್ಗೆ ಲಾರಿಯ ಕೆಳಗೆ ನುಸುಳುವ ಮೊದಲು ಸೋಪಿನಲ್ಲಿ ಕೈ ತೊಳೆದು ಒಂದು ಪುಟ ಓದುವರು. ಎಷ್ಟು ತೊಳೆದರೂ ಹಾಳೆಯ ಮೂಲೆಯಲ್ಲಿ ಹೆಬ್ಬೆಟ್ಟಿನ ಗ್ರೀಸ್ ಉಳಿಯುತ್ತಿತ್ತು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಕ್ಲೀನರ್ ಆದವನು. ಆಮೇಲೆ ಡ್ರೈವರ್, ಆಮೇಲೆ ಸ್ವಂತ ಟಿಪ್ಪರ್. ಸಂಡೂರಿನ ಗಣಿಯಿಂದ ದಿನಕ್ಕೆ ಎಲ್ಲರಿಗಿಂತ ಒಂದು ಟ್ರಿಪ್ ಹೆಚ್ಚು ಹೊಡೆಯುತ್ತೇನೆಂಬ ಸೊಕ್ಕು ನನಗಿತ್ತು. ಗ್ಯಾರೇಜಿಗೆ ಹೋದಾಗಲೆಲ್ಲ ಅವರನ್ನು ಕೆಣಕುತ್ತಿದ್ದೆ.

“ಯೋಬಪ್ಪಾ, ಇದು ದೇವ್ರ ಮಾತು ಅನ್ನಾಕ ಸಾಕ್ಷಿ ಏನೈತಿ?”

“ಹಂಪಿ ನೋಡ್ರಿ, ಆಳಿದೋರು ಹ್ವಾದ್ರು, ಕಲ್ಲು ಉಳದಾವ. ಈ ಪುಸ್ತಕ ಅದಕ್ಕಿಂತ ಭಾಳ ಹಳೇದು, ಇನ್ನೂ ಮನಷ್ಯಾನ ಕೈ ಹಿಡದು ತಡಿತೈತಿ. ನಮ್ಮಜ್ಜ ಕುಡದು ಮನಿ ಮಂದಿನ್ನೆಲ್ಲ ಬಡೀತಿದ್ದ. ಇದನ್ನ ಓದಿಸಿ ಕೇಳಿದ ಮ್ಯಾಲೆ ಎತ್ತಿದ ಕೈ ಇಳಿಸಿದ. ಬರೇ ಮನಷ್ಯಾ ಬರೆದದ್ದಾಗಿದ್ರ ಇಷ್ಟು ಕಾಲ, ಇಷ್ಟು ಮಂದಿನ್ನ ತಡೀತಿತ್ತೇನ್ರಿ?”

“ನನ್ನ ಬ್ರೇಕೂ ತಡಿತಾವ. ಅವನ್ನೂ ದೇವ್ರ ಮಾಡ್ಯಾನೇನು?”

ಅವರು ಹೊಟ್ಟೆ ಹಿಡಿದು ನಕ್ಕರು. “ನಿಮ್ಮವು ಎಲ್ಲಿ ತಡಿತಾವ್ರಿ, ಹನುಮಂತಪ್ಪಾರ? ಲೈನಿಂಗ್ ಸವದು ಹ್ವಾಗ್ಯಾವ. ಒಂದಿನ ಗಾಡಿ ಬಿಡ್ರಿ, ಬದ್ಲು ಮಾಡ್ತೀನಿ.”

ಒಂದು ದಿನ ಗಾಡಿ ನಿಲ್ಲಿಸುವುದೆಂದರೆ ನನಗೆ ಅವಮಾನ. ಬಿಡಲಿಲ್ಲ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ, ಸಂಡೂರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಟಿಪ್ಪರ್ ರಸ್ತೆಬದಿಯ ಚಹಾದಂಗಡಿಗೆ ನುಗ್ಗಿತು. ಅಂಗಡಿಯ ಗಂಗಮ್ಮನ ಕಾಲು ಮುರಿಯಿತು. ತಪ್ಪು ಯಾರದೆಂದು ಲಾರಿ ಸ್ಟ್ಯಾಂಡಿನ ಹಿರಿಯರು ಕುಳಿತು ತೀರ್ಮಾನಿಸುವುದೆಂದಾಯಿತು. ನಾನು ನೇರ ಗ್ಯಾರೇಜಿಗೆ ಓಡಿದೆ.

“ನಿನ್ನಿ ದಿನಾನ ಬ್ರೇಕ್ ರಿಪೇರಿ ಮಾಡೀನಿ ಅಂತ ಹೇಳು ಯೋಬಪ್ಪಾ. ಗಾಡಿ ಸರಿ ಇತ್ತು, ನಸೀಬು ಕೆಟ್ಟಿತ್ತು ಅಂತಾರ. ನಿನ್ನ ಪುಸ್ತಕ ಮುಟ್ಟಿ ಹೇಳಿದ್ರ ಎಲ್ಲಾರೂ ನಂಬ್ತಾರ.”

ಅವರು ನನ್ನ ಮುಖವನ್ನೇ ನೋಡಿದರು. “ಈ ಪುಸ್ತಕಕ್ಕ ಏನ್ ಶಕ್ತಿ ಐತಿ ಅಂತ ದಿನಾ ಕೇಳ್ತಿದ್ರಿ. ಇವತ್ತ ಅದನ್ನ ಹುಡುಕ್ಕೊಂಡು ನೀವ ಬಂದೀರಿ. ಬ್ಯಾಡ್ರಿ. ಇದ್ದದ್ದು ಹೇಳ್ರಿ, ನಿಮ್ಮ ಜೋಡಿ ನಾನೂ ಬಂದು ನಿಂದರ್ತೀನಿ.”

ಆ ಮಾತು ನನಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಮರುದಿನ ಸ್ಟ್ಯಾಂಡಿನ ಬೇವಿನ ಮರದಡಿ, ಎಲ್ಲರೆದುರು ಹೇಳಿದೆ: “ಹುಲಿಗೆಮ್ಮ ತಾಯಿ ಆಣಿ, ಗಾಡಿ ಗುದ್ದೂ ಹಿಂದಿನ ದಿನಾನ ಈ ಯೋಬಪ್ಪನ ಕಡಿಂದ ಬ್ರೇಕ್ ಕೆಲ್ಸ ಮಾಡ್ಸೀನಿ. ಇವನ ಕೆಡಿಸ್ಯಾನ.”

ಹಿರಿಯ ಬಸಣ್ಣ ಅವರತ್ತ ತಿರುಗಿದರು. “ನೀ ಮಾಡಿಲ್ಲಂದ್ರ ನಿನ್ನ ಬೈಬಲ್ ಮುಟ್ಟಿ ಆಣಿ ಮಾಡಪಾ, ಮುಗೀತು.”

“ಅಣ್ಣಾರ, ಆಣಿ ಮಾಡಬ್ಯಾಡ ಅಂತ ಇದ್ರಾಗ ಹೇಳೈತ್ರಿ. ಇದರ ಮ್ಯಾಲೆ ಕೈ ಇಟ್ಟು ಇದರ ಮಾತ ಮುರೀಲೇನು? ಆ ಗಾಡಿ ಬ್ರೇಕ್ ನಾ ಮುಟ್ಟಿಲ್ಲ. ನಾ ಹೇಳೂದು ಇಷ್ಟ.”

“ಆಣಿಗೆ ಹೆದರ್ತಾನಂದ್ರ ತಿಳೀತು ಬಿಡಲೇ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಮ್ಮ ಕಡೆ ಆಣೆ ಮಾಡಿದವನು ಗೆದ್ದ, ಹಿಂಜರಿದವನು ಕಳ್ಳ. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ನನ್ನ ಚಪ್ಪಲಿಗೆ ಮೆತ್ತಿದ ಕೆಂಪು ಧೂಳನ್ನು ನೋಡುತ್ತ ನಿಂತೆ.

ತಪ್ಪು ಯೋಬಪ್ಪನವರದೆಂದೇ ತೀರ್ಮಾನವಾಯಿತು. ಅಲ್ಲಿಂದಾಚೆ ಅವರ ಗ್ಯಾರೇಜಿಗೆ ಲಾರಿ ಬರುವುದು ನಿಂತಿತು. ಸ್ವಲ್ಪ ದಿನಕ್ಕೆ, ಕಂಪ್ಲಿಯಲ್ಲಿ ಅಕ್ಕಿಗಿರಣಿಯ ರಿಪೇರಿ ಕೆಲಸ ಸಿಕ್ಕಿದೆಯೆಂದು ಹೊರಟರು. ಪಾನಾಗಳ ಪೆಟ್ಟಿಗೆಯನ್ನು ಆಟೋಕ್ಕೆ ಏರಿಸುವಾಗ ಅದೇ ದಾರಿಯಲ್ಲಿ ನನ್ನ ಟಿಪ್ಪರ್ ಬಂತು. ಅಡ್ಡ ನಿಂತಿದ್ದ ಆಟೋದಿಂದಾಗಿ ನಿಲ್ಲಿಸಲೇಬೇಕಾಯಿತು. ಬೈಯುತ್ತಾರೆ, ಬೈಯಲಿ ಎಂದುಕೊಂಡೆ. ಅವರು ಬೈಬಲ್ಲನ್ನು ಕಂಕುಳಲ್ಲಿ ಹಿಡಿದು ನನ್ನ ಬಾಗಿಲ ಬಳಿ ಬಂದರು. ಮುಂದಿನ ಗಾಲಿಯತ್ತ ಬಗ್ಗಿ ನೋಡಿದರು.

“ಲೈನಿಂಗ್ ಬದ್ಲು ಮಾಡ್ಸಿದ್ರೇನ್ರಿ, ಹನುಮಂತಪ್ಪಾರ?”

“ಹೂಂ” ಎಂದೆ.

ಮಾಡಿಸಿರಲಿಲ್ಲ. ಬೇರೆ ಯಾವ ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿಸಿದರೂ ಹಳೆಯ ಲೈನಿಂಗ್ ಕಂಡು ನನ್ನ ಸುಳ್ಳು ಬಯಲಾಗುತ್ತಿತ್ತು. ಅದೇ ಬ್ರೇಕಿನಲ್ಲೇ ಅಷ್ಟು ದಿನ ಓಡಿಸಿದ್ದೆ. ಮರುದಿನ ನಾನೊಬ್ಬನೇ ಕುಳಿತು ಬದಲಾಯಿಸಿದೆ. ಸವೆದ ಲೈನಿಂಗನ್ನು ಕಾಲುವೆಗೆ ಎಸೆದೆ.

ಸಾಕ್ಷಿ ಎಲ್ಲಿದೆಯೆಂದು ದಿನವೂ ಕೇಳುತ್ತಿದ್ದೆ. ಅನ್ನ ಹೋದರೂ ಪುಸ್ತಕದ ಒಂದು ಮಾತನ್ನು ಬಿಡದ ಮನುಷ್ಯ ನನ್ನೆದುರೇ ನಿಂತಿದ್ದರು.

ಗಣಿ ನಿಂತು ಟಿಪ್ಪರ್ ಮಾರಿದ ಮೇಲೆ ಅವರು ತೀರಿಕೊಂಡರೆಂದು ಕೇಳಿದೆ. ಅಷ್ಟು ವರ್ಷವೂ ಅವರು ಕಂಪ್ಲಿಯಲ್ಲೇ ಇದ್ದರಂತೆ. ಕಂಪ್ಲಿ ಇಲ್ಲಿಂದ ದೂರವೇನಲ್ಲ. ದಿನಕ್ಕೆ ಎಲ್ಲರಿಗಿಂತ ಒಂದು ಟ್ರಿಪ್ ಹೆಚ್ಚು ಹೊಡೆಯುತ್ತಿದ್ದ ನಾನು ಆ ಒಂದು ಟ್ರಿಪ್ ಹೊಡೆಯಲಿಲ್ಲ.